ಪುಸ್ತಕದಲ್ಲಿಲ್ಲದ ದೋಣಿ ಅಜ್ಜಿ

ಜೂನ್ 9

ಪ್ರಕಾಶನದ ಸಂಪಾದಕರಿಗೆ,

ನಮಸ್ಕಾರ. ನಾನು ಗಡಿಯಾರ ರಿಪೇರಿ ಮಾಡುವವಳು. ಪುಸ್ತಕದವರಿಗೆ ಪತ್ರ ಬರೆದು ಅಭ್ಯಾಸವಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನೀವು ಒಂದು ಒಳ್ಳೆಯ ಪುಸ್ತಕವನ್ನು ಕೆಡಿಸಿದ್ದೀರಿ. ಅದರಿಂದ ನನ್ನ ಮಗಳಿಗೆ ಹತ್ತಕ್ಕೆ ಎರಡು ಅಂಕ ಬಂದಿದೆ.

ಎಂಟನೇ ತರಗತಿಯವರಿಗೆ ರಜೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ಹಳೆಯ ಕಾಲದ ಯಾವುದಾದರೂ ಕಾದಂಬರಿ ಓದಿ ಅಭಿಪ್ರಾಯ ಬರೆಯಬೇಕು. ಮಗಳು ಶಾಲೆಯ ಲೈಬ್ರರಿಯಿಂದ ನಿಮ್ಮ ‘ಮಂಜುಕೋಟೆಯ ದೀಪ’ ತಂದಳು. ರಟ್ಟಿನ ಮೇಲಿನ ಹೆಸರು ನೋಡಿ ಕೈಯಲ್ಲಿದ್ದ ಚಿಮಟ ಕೆಳಗಿಟ್ಟೆ. “ಇದನ್ನ ಓದೋದೇ ಬೇಡ ಕಣೆ. ನನಗೆ ಬಾಯಿಪಾಠ. ನಾನು ಹೇಳ್ತೀನಿ, ನೀನು ಬರಿ” ಎಂದೆ. ಆ ತಪ್ಪು ನನ್ನದೇ, ಒಪ್ಪುತ್ತೇನೆ.

ಅದು ನನಗೆ ಹೇಗೆ ಬಾಯಿಪಾಠ ಎಂದರೆ, ಹತ್ತನೇ ವಯಸ್ಸಿನಲ್ಲಿ ನನ್ನದೇ ಚೇಷ್ಟೆಯಿಂದ ಗೋಡೆ ಗಡಿಯಾರದ ಸ್ಪ್ರಿಂಗ್ ಸಿಡಿದು ಎಡಗಣ್ಣಿಗೆ ಬಡಿಯಿತು. ಐದು ವಾರ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಆ ಐದು ವಾರವೂ ದಿನಾ ಮಧ್ಯಾಹ್ನ ಕೇಳಿದ ಕಥೆ ಇದು. ಎಡಗಣ್ಣು ಉಳಿಯಲಿಲ್ಲ, ಕಥೆ ಉಳಿಯಿತು.

ಮಗಳು ನಾನು ಹೇಳಿದ್ದನ್ನು ಬರೆದಳು. ಮಂಜು ಕವಿದು ದೀಪಗಳೆಲ್ಲ ಆರಿಹೋದ ಊರು. ದೀಪ ತರಲು ಹೋಗುವ ಹನ್ನೆರಡು ವರ್ಷದ ದೀಪಗಾತಿ. ಅವಳ ಜೊತೆ ಹೊರಟ ಬಾಯಿಬಡುಕಿ ದೋಣಿ ಅಜ್ಜಿ. ದೋಣಿಯನ್ನು ಟೋಪಿಯಂತೆ ತಲೆ ಮೇಲೆ ಹೊತ್ತು ನಡೆಯುವವಳು, ಮಂಜಿನ ದೊರೆಯನ್ನೇ ಬೈದು ಬೈದು ನಗಿಸಿ ಸೋಲಿಸುವವಳು. ಟೀಚರ್ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರು: “ಈ ಕಾದಂಬರಿಯಲ್ಲಿ ದೋಣಿ ಅಜ್ಜಿ ಎಂಬ ಪಾತ್ರವೇ ಇಲ್ಲ. ಪುಸ್ತಕ ಓದದೆ ಬರೆದಿದ್ದೀಯೆ.”

ಜಗಳಕ್ಕೆ ಹೋದೆ. ಟೀಚರ್ ಪುಸ್ತಕವನ್ನೇ ನನ್ನ ಕೈಗಿಟ್ಟರು. ಎರಡು ದಿನ ಅಂಗಡಿಯಲ್ಲಿ ಕುಳಿತು ಓದಿದೆ. ನಿಜ, ಅಜ್ಜಿ ಇಲ್ಲ. ಅವಳ ಜಾಗದಲ್ಲಿ ದೀಪಗಾತಿಯ ಅಣ್ಣ ಇದ್ದಾನೆ. ಹನ್ನೊಂದನೆಯ ಅಧ್ಯಾಯದಲ್ಲಿ ಮಂಜಿನ ದೊರೆ “ನನ್ನ ಬಾಗಿಲು ತೆರೆದವರು ಯಾರು?” ಎಂದಾಗ ಬಾಗಿಲು ತೆರೆದ ಆ ಅಣ್ಣನೇ ಹೆದರಿ ತಂಗಿಯತ್ತ ಬೆರಳು ತೋರಿಸುತ್ತಾನೆ. ದೊರೆ ಅವಳ ಕಣ್ಣಿನ ಬೆಳಕು ಕಿತ್ತುಕೊಳ್ಳುತ್ತಾನೆ. ಕುರುಡಿಯಾದ ಹುಡುಗಿ ತಡವರಿಸುತ್ತ ದೀಪ ತರುತ್ತಾಳೆ. ಕೊನೆಯ ಪುಟದಲ್ಲಿ ಅಣ್ಣ ಬಾಗಿಲಲ್ಲಿ ನಿಂತಿರುತ್ತಾನೆ. “ಯಾರದು?” ಎಂದು ಅವಳು ಕೇಳಿದರೆ ಮಾತಾಡದೆ ಹೊರಟುಹೋಗುತ್ತಾನೆ. ಅಲ್ಲಿಗೆ ಮುಗಿಯಿತು. ಇದನ್ನು ಮಕ್ಕಳ ಕೈಗೆ ಕೊಡುತ್ತೀರಾ?

ಯಾರೋ ಕೈಹಾಕಿ ಕೆಡಿಸಿದ ಗಡಿಯಾರಗಳನ್ನು ದಿನವೂ ನೋಡುವವಳು ನಾನು. ಯಾವ ಚಕ್ರ ಮೂಲದ್ದು, ಯಾವುದು ಆಮೇಲೆ ತುರುಕಿದ್ದು ಎಂದು ಮುಟ್ಟಿದರೆ ತಿಳಿಯುತ್ತದೆ. ಆ ಅಣ್ಣ ಆಮೇಲೆ ತುರುಕಿದವನು. ಯಾವ ಮುದ್ರಣದಲ್ಲಿ, ಯಾರ ಮಾತಿಗೆ ಬದಲಾಯಿಸಿದಿರಿ? ನೇರವಾಗಿ ಉತ್ತರಿಸಿ. ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ.

ಇತಿ,
ಗಡಿಯಾರದ ಅಂಗಡಿಯವಳು


ಜೂನ್ 24

ಮಾನ್ಯರೇ,

ನಿಮ್ಮ ಪತ್ರ ಓದಿ ಮೊದಲು ಸ್ವಲ್ಪ ಕೋಪ ಬಂತು. ಆಮೇಲೆ ಅನುಮಾನವೂ ಬಂತು. ನಾನು ಇಲ್ಲಿ ಸೇರಿ ಒಂಬತ್ತು ವರ್ಷವಷ್ಟೇ. ನನಗಿಂತ ಮುಂಚಿನವರು ಏನಾದರೂ ಮಾಡಿರಬಹುದೇ ಎಂದು ಗೋದಾಮಿಗೆ ಇಳಿದು ಮೊದಲ ಮುದ್ರಣದ ಪ್ರತಿ ಹುಡುಕಿಸಿದೆ. ಮೂವತ್ತೆಂಟು ವರ್ಷದ ಹಿಂದಿನದು. ಅದನ್ನೂ ಈಗಿನ ಆರನೇ ಮುದ್ರಣವನ್ನೂ ಅಕ್ಕಪಕ್ಕ ಇಟ್ಟುಕೊಂಡು ನಾಲ್ಕು ದಿನ ಸಾಲುಸಾಲಾಗಿ ನೋಡಿದೆ. ಹನ್ನೆರಡು ಕಾಗುಣಿತದ ತಪ್ಪು ತಿದ್ದಿದ್ದು ಬಿಟ್ಟರೆ ಒಂದಕ್ಷರ ಬದಲಾಗಿಲ್ಲ. ಲೇಖಕರು ತೀರಿಕೊಂಡಿದ್ದಾರೆ. ಅವರ ಕೈಬರಹದ ಪ್ರತಿ ಇಲ್ಲೇ ಇದೆ, ಅದರಲ್ಲೂ ಅಣ್ಣ ಇದ್ದಾನೆ. ಮೊದಲ ವಾಕ್ಯದಲ್ಲೇ ಇದ್ದಾನೆ: “ಆ ಊರಿನಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ ಇದ್ದರು.”

ನಿಮ್ಮ ಪತ್ರದಲ್ಲಿ ಒಂದು ಮಾತು ನನ್ನ ಗಮನಕ್ಕೆ ಬಂತು. ‘ಓದಿದ ಕಥೆ’ ಎಂದು ನೀವು ಎಲ್ಲೂ ಬರೆದಿಲ್ಲ, ‘ಕೇಳಿದ ಕಥೆ’ ಎಂದಿದ್ದೀರಿ. ಓದಿ ಹೇಳಿದವರು ಯಾರು? ನನ್ನನ್ನು ಕೇಳುವುದಕ್ಕಿಂತ ಅವರನ್ನು ಕೇಳುವುದು ಮೇಲು.

ದೋಣಿ ಅಜ್ಜಿ ನನಗೂ ಹಿಡಿಸಿದಳು. ಮುಂದೇನಾಯಿತು ಎಂದು ತಿಳಿಸಿದರೆ ಸಂತೋಷ.

ವಂದನೆಗಳೊಂದಿಗೆ,
ಸಂಪಾದಕಿ


ಜುಲೈ 1

ಅಣ್ಣನಿಗೆ,

ಆರು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಅಪ್ಪ ಹೋದಾಗ ನೀನು ಬಂದು, ಅಂಗಡಿ ನನ್ನ ಹೆಸರಿಗಾಗಲಿ ಎಂದು ಐದು ನಿಮಿಷದಲ್ಲಿ ಸಹಿ ಹಾಕಿ, ಊಟಕ್ಕೂ ನಿಲ್ಲದೆ ಹೋದೆಯಲ್ಲ, ಆವತ್ತಿನಿಂದ ಬರೆಯಬೇಕು ಎನ್ನಿಸಿರಲಿಲ್ಲ. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದ ಈ ಹಳೆ ಬೆಂಚಿನ ಮೇಲೆ ನಿನಗೆ ಅಷ್ಟು ಅಸಡ್ಡೆ ಎಂದುಕೊಂಡಿದ್ದೆ. ಇರಲಿ, ಅದಕ್ಕಲ್ಲ ಈ ಪತ್ರ.

‘ಮಂಜುಕೋಟೆಯ ದೀಪ’ ನೆನಪಿದೆಯಾ? ಮಗಳ ದೆಸೆಯಿಂದ ಅದನ್ನು ಈಗ ನಾನೇ ಓದಿದೆ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಪುಸ್ತಕ ಕೇಳಿದರೆ ನೀನು “ಲೈಬ್ರರಿಗೆ ವಾಪಸ್ ಕೊಟ್ಟೆ” ಅಂದಿದ್ದೆ. ಡಾಕ್ಟರು ಒಂದು ವರ್ಷ ಓದಬೇಡ ಎಂದಿದ್ದರು, ನಾನೂ ಬಿಟ್ಟೆ. ಈಗ ನೋಡಿದರೆ ಅದರಲ್ಲಿ ದೋಣಿ ಅಜ್ಜಿಯೇ ಇಲ್ಲ! ಪ್ರಕಾಶನದವರ ಮೇಲೆ ಹರಿಹಾಯ್ದೆ. ಪಾಪ, ಆಯಮ್ಮ ಗೋದಾಮಿಗೆ ಇಳಿದು ಹುಡುಕಿದ್ದಾಳೆ. ದೋಣಿ ಅಜ್ಜಿ ಎಂದೂ ಪುಸ್ತಕದಲ್ಲಿ ಇರಲೇ ಇಲ್ಲವಂತೆ.

ಹಾಗಾದರೆ ಅವಳು ಎಲ್ಲಿಂದ ಬಂದಳು? ನೀನು ನನಗೆ ಓದಿದ್ದು ಯಾವ ಪುಸ್ತಕ? ಬೇಗ ಬರಿ.

ತಂಗಿ


ಜುಲೈ 19

ಮುಳ್ಳಿಗೆ,

ಪತ್ರ ತಲುಪಿತು. ಒಂದು ಕ್ಷಣವೂ ಕೂರದೆ ಓಡಾಡುತ್ತಿದ್ದ ನಿನ್ನನ್ನು ‘ಸೆಕೆಂಡ್ ಮುಳ್ಳು’ ಎಂದು ಕರೆದವನು ನಾನೇ, ಈಗಲೂ ಹಾಗೇ ಬರೆದೆ, ಬೇಸರ ಬೇಡ.

ಇಲ್ಲಿ ಕೆಲಸ ಜಾಸ್ತಿ. ಹದಿನಾಲ್ಕು ಅಂತಸ್ತಿನ ಒಂದು ಆಫೀಸಿನಲ್ಲಿ ಎರಡೂ ಲಿಫ್ಟ್ ಕೆಟ್ಟಿವೆ. ಹಗ್ಗ ಬದಲಾಯಿಸಬೇಕು. ಜನ ಮೆಟ್ಟಿಲು ಹತ್ತಿ ಬಂದು ನನ್ನ ಮುಖ ನೋಡಿ ಹಲ್ಲು ಕಡಿಯುತ್ತಾರೆ.

ಆ ಪುಸ್ತಕದ ವಿಷಯ ಅಷ್ಟಾಗಿ ನೆನಪಿಲ್ಲ. ಲೈಬ್ರರಿಯ ಪ್ರತಿಯಲ್ಲಿ ನಡುವಿನ ಹಾಳೆಗಳು ಹರಿದುಹೋಗಿದ್ದವು, ಹನ್ನೊಂದನೆಯ ಅಧ್ಯಾಯದ ಹತ್ತಿರ. ಅಲ್ಲಿ ಏನೋ ಸೇರಿಸಿ ಹೇಳಿರಬೇಕು. ಇಷ್ಟು ಹಳೆಯದನ್ನು ಈಗ ಕೆದಕಿ ಏನು ಪ್ರಯೋಜನ? ಅಮ್ಮನ ಮಂಡಿ ಹೇಗಿದೆ?

ಅಣ್ಣ


ಜುಲೈ 28

ಅಣ್ಣ,

ಅಮ್ಮನ ಮಂಡಿ ಚೆನ್ನಾಗಿದೆ. ನಿನ್ನ ಪತ್ರ ಚೆನ್ನಾಗಿಲ್ಲ.

ಹನ್ನೊಂದನೆಯ ಅಧ್ಯಾಯ ಎಂದು ನಾನು ಬರೆದೇ ಇರಲಿಲ್ಲ. ಅಜ್ಜಿ ಎಲ್ಲಿಂದ ಬಂದಳು ಎಂದಷ್ಟೇ ಕೇಳಿದ್ದೆ. ನೀನಾಗಿಯೇ ಹನ್ನೊಂದಕ್ಕೆ ಹೋಗಿ ನಿಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಇನ್ನೊಂದು. ಹಾಳೆ ಹರಿದಿದ್ದು ನಡುವಿನಲ್ಲಿ ಎನ್ನುತ್ತೀಯ. ಆದರೆ ದೋಣಿ ಅಜ್ಜಿ ಬಂದದ್ದು ಮೊದಲನೇ ದಿನ. ನೀನು ಓದಿದ ಮೊದಲ ಸಾಲು ನನಗೆ ಈಗಲೂ ಕೇಳಿಸುತ್ತದೆ: “ಆ ಊರಿನಲ್ಲಿ ಒಬ್ಬಳು ಅಜ್ಜಿ, ಒಬ್ಬಳು ಹುಡುಗಿ ಇದ್ದರು.” ಪುಸ್ತಕದಲ್ಲಿರುವುದು “ಒಬ್ಬ ಅಣ್ಣ, ಒಬ್ಬಳು ತಂಗಿ.” ಅಂದರೆ ಮೊದಲ ಸಾಲಿನಿಂದಲೇ ಅಣ್ಣನನ್ನು ತೆಗೆದು ಅಜ್ಜಿಯನ್ನು ಕೂರಿಸಿದ್ದೀಯ. ಅದಕ್ಕೆ ಪುಸ್ತಕ ಪೂರ್ತಿ ಮೊದಲೇ ಓದಿರಬೇಕು, ಮುಂದೆ ಅವನು ಏನು ಮಾಡುತ್ತಾನೆ ಎಂದು ಗೊತ್ತಿರಬೇಕು. ಹದಿನೈದು ವರ್ಷದ ಹುಡುಗ ಐದು ವಾರ, ಅಣ್ಣ ಎಂಬ ಮಾತು ಬಂದಲ್ಲೆಲ್ಲ ತಡವರಿಸದೆ ಬೇರೆ ಕಥೆ ಕಟ್ಟಿ ಓದಿದ. ಒಂದು ಮಧ್ಯಾಹ್ನವೂ ಬಾಯಿ ತಪ್ಪಲಿಲ್ಲ. ಸುಮ್ಮನೆ ಯಾರು ಅಷ್ಟು ಕಷ್ಟಪಡುತ್ತಾರೆ?

ನಿನ್ನೆ ಅಮ್ಮನನ್ನು ಕೇಳಿದೆ. ಬಟ್ಟೆ ಮಡಚುತ್ತಿದ್ದಳು.

“ಅಮ್ಮ, ಅಣ್ಣ ಆಸ್ಪತ್ರೇಲಿ ನನಗೆ ಪುಸ್ತಕ ಓದ್ತಿದ್ದನಲ್ಲ, ಕಥೆ ಯಾಕೆ ಬದಲಾಯಿಸಿದ?”

“ನನಗೇನು ಗೊತ್ತು? ನಾನೇನು ಓದಿದವಳಾ?”

“ಕಣ್ಣಿಗೆ ಬಡಿದ ದಿನ ಅವನು ಎಲ್ಲಿದ್ದ?”

ಮಡಚಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚಿದಳು. “ಹಳೇ ಗಾಯ ಕೆರೀಬೇಡ ಕಣೆ. ಆಗಿದ್ದು ಆಗಿಹೋಯ್ತು. ನಿನ್ನ ಗ್ರಹಚಾರ, ನೀನು ಮುಟ್ಟಿದೆ.”

“ನಾನು ಅವನ ವಿಷಯ ಕೇಳಿದ್ದು.”

“ಎಲ್ಲೋ ಆಡ್ತಿದ್ದ. ಹೊರಗೆ.”

ಅಪ್ಪ ಮಾತ್ರ ಯಾವಾಗಲೂ “ಅವನು ಹಿತ್ತಿಲಲ್ಲಿ ನಿಮ್ಮಮ್ಮನ ಜೊತೆ ಬಟ್ಟೆ ಹಿಂಡ್ತಿದ್ದನಂತೆ” ಎನ್ನುತ್ತಿದ್ದರು. ಎರಡು ಗಡಿಯಾರ ಎರಡು ಹೊತ್ತು ತೋರಿಸಿದರೆ ಒಂದಂತೂ ಸುಳ್ಳು. ಎರಡೂ ಸುಳ್ಳಿರಬಹುದು.

ನನಗೆ ಆ ದಿನದ್ದು ಏನೂ ನೆನಪಿಲ್ಲ. ನೀವೆಲ್ಲ ಹೇಳಿದ್ದನ್ನೇ ನೆನಪು ಎಂದುಕೊಂಡು ಬದುಕಿದ್ದೇನೆ. ಆ ಗೋಡೆ ಗಡಿಯಾರ ಅಟ್ಟದ ಕಪಾಟಿನ ಮೇಲೆ ಬಟ್ಟೆ ಸುತ್ತಿಕೊಂಡು ಈಗಲೂ ಕೂತಿದೆ. ಅಪ್ಪ ಅದನ್ನು ರಿಪೇರಿ ಮಾಡಲಿಲ್ಲ, ಮಾರಲಿಲ್ಲ, ಎಸೆಯಲೂ ಇಲ್ಲ. ನಾಳೆ ಕೆಳಗಿಳಿಸುತ್ತೇನೆ.

ತಂಗಿ


ಆಗಸ್ಟ್ 21

ಅಣ್ಣ,

ನೀನು ಉತ್ತರ ಬರೆಯಲಿಲ್ಲ. ನಾನು ಗಡಿಯಾರ ಇಳಿಸಿದೆ.

ಅಮ್ಮ ಏಣಿಯ ಬುಡದಲ್ಲಿ ನಿಂತು “ಬೇಡ, ಅಪಶಕುನ” ಎಂದಳು. ನನ್ನ ಗಂಡ ಬಸ್ ಓಡಿಸುವವನು, ಅವನಿಗೆ ಶಕುನ ಎಂದರೆ ಬ್ರೇಕ್ ಹಿಡಿಯುವುದೊಂದೇ. ಅವನೇ ಏಣಿ ಹಿಡಿದ.

ಮೊದಲನೆಯದು, ತೂಕ. ಆ ಗಡಿಯಾರವನ್ನು ಈಗ ನಾನೇ ಒಬ್ಬಳೇ ಎತ್ತಲಾರೆ. ಆಗ ಅದು ನೇತಾಡುತ್ತಿದ್ದ ಮೊಳೆಗೆ ಸ್ಟೂಲ್ ಹಾಕಿದರೂ ಹತ್ತು ವರ್ಷದ ನನ್ನ ಕೈ ನಿಲುಕುವುದಿಲ್ಲ. ಮಗಳನ್ನು ನಿಲ್ಲಿಸಿ ನೋಡಿದೆ. ಅವಳಿಗೆ ಹದಿಮೂರು, ಅವಳಿಗೂ ನಿಲುಕಲಿಲ್ಲ.

ಎರಡನೆಯದು, ಸ್ಕ್ರೂ. ಹಿಂದಿನ ಹಿತ್ತಾಳೆ ತಟ್ಟೆ ಹಿಡಿದಿಡುವುದು ನಾಲ್ಕು ದಪ್ಪ ಸ್ಕ್ರೂ. ಮೊದಲು ಸ್ಪ್ರಿಂಗಿನ ಬಿಗಿ ಇಳಿಸದೆ ಅವನ್ನು ಬಿಚ್ಚಬಾರದು, ಬಿಚ್ಚಿದರೆ ಸ್ಪ್ರಿಂಗ್ ಹಾವಿನಂತೆ ಹೊರಗೆ ಬರುತ್ತದೆ ಎಂದು ಅಪ್ಪ ಮೊದಲ ದಿನ ಕಲಿಸಿದ ಪಾಠ. ಅಪ್ಪ ಬಿಗಿದ ಸ್ಕ್ರೂ ನಿನಗೆ ಗೊತ್ತಲ್ಲ. ಅಂಥದ್ದೇ ಇನ್ನೊಂದು ಗಡಿಯಾರದಲ್ಲಿ ಅಪ್ಪನ ಕೈಯ ಸ್ಕ್ರೂ ಬಿಚ್ಚಲು ಮಗಳಿಗೆ ಕೊಟ್ಟೆ. ಕೈ ಕೆಂಪಾಯಿತು, ಸ್ಕ್ರೂ ಅಲುಗಲಿಲ್ಲ.

ಮೂರನೆಯದನ್ನು ಭೂತಗನ್ನಡಿ ಹಾಕಿಕೊಂಡು ನೋಡಿದೆ. ಬೇರೆ ರಿಪೇರಿಯವರು ಒಂದು ಕಣ್ಣು ಮುಚ್ಚಿ ನೋಡಬೇಕು, ನನಗೆ ಆ ಕಷ್ಟವಿಲ್ಲ. ಹೊಸಬರು ಸ್ಕ್ರೂ ಬಿಚ್ಚುವಾಗ ಸ್ಕ್ರೂಡ್ರೈವರ್ ಜಾರುತ್ತದೆ, ಜಾರಿದಲ್ಲಿ ಹಿತ್ತಾಳೆಯ ಮೇಲೆ ಗೀರು ಬೀಳುತ್ತದೆ. ಬಲಗೈಯವರದು ಒಂದು ಕಡೆಗೆ, ಎಡಗೈಯವರದು ಇನ್ನೊಂದು ಕಡೆಗೆ. ಇಲ್ಲಿ ಏಳು ಗೀರು ಇವೆ. ಏಳೂ ಎಡಗೈಯವು.

ನಮ್ಮ ಮನೆಯಲ್ಲಿ ಎಡಚ ನೀನೊಬ್ಬನೇ.

ನನಗೆ ಕಂಡದ್ದು ಅಪ್ಪನಿಗೆ ಕಾಣದೆ ಇದ್ದೀತೇ ಎಂದು ಯೋಚಿಸುತ್ತ ಎರಡು ವಾರ ಈ ಪತ್ರ ಹಾಕಲಿಲ್ಲ.

ಒಂದೇ ಪ್ರಶ್ನೆ. ಆ ಗಡಿಯಾರ ಬಿಚ್ಚಿದ್ದು ಯಾರು?

ತಂಗಿ


ಸೆಪ್ಟೆಂಬರ್ 7

ಮುಳ್ಳಿ,

ನಾನು.

ಈ ಒಂದು ಮಾತು ಬರೆದು ಮೂರು ದಿನ ಇಟ್ಟುಕೊಂಡಿದ್ದೆ. ಇನ್ನು ಉಳಿದದ್ದೂ ಬರೆಯುತ್ತೇನೆ.

ಅಪ್ಪ ಯಾರದೋ ಗಡಿಯಾರ ಕೊಟ್ಟುಬರಲು ಹೋಗಿದ್ದರು. ಅಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹಿಂದಿನ ದಿನವಷ್ಟೇ ಅಪ್ಪ ಗಿರಾಕಿಯ ಎದುರು “ಇವನ ಎಡಗೈಗೆ ಗಡಿಯಾರ ಕೊಟ್ಟರೆ ಅದು ಹಿಂದಕ್ಕೆ ಓಡತ್ತೆ” ಎಂದು ನಕ್ಕಿದ್ದರು. ಅವರು ಬರುವಷ್ಟರಲ್ಲಿ ಒಂದು ಗಡಿಯಾರ ಪೂರ್ತಿ ಬಿಚ್ಚಿ, ಒರೆಸಿ, ಜೋಡಿಸಿ ಇಡಬೇಕೆಂದು ನನಗೆ ಹಟ. ಸ್ಟೂಲ್ ಹಾಕಿ ಇಳಿಸಿದೆ. ನೀನು ಬೆಂಚಿನ ಮೇಲೆ ಗದ್ದ ಊರಿಕೊಂಡು ನಿಂತಿದ್ದೆ. ಬಿಚ್ಚಿದ ಸ್ಕ್ರೂ ಒಂದೊಂದನ್ನೂ ನಿನ್ನ ಅಂಗೈಯಲ್ಲಿ ಇಡುತ್ತಿದ್ದೆ. “ಮೂರಾಯ್ತು, ಇನ್ನೊಂದೇ” ಎಂದು ನೀನು ಎಣಿಸಿದೆ. ಬಿಗಿ ಇಳಿಸಬೇಕು ಎನ್ನುವುದು ನನಗೆ ಗೊತ್ತಿತ್ತು. ಅವಸರದಲ್ಲಿ ಬಿಟ್ಟೆ.

ನೀನು ಕೂಗಲೂ ಇಲ್ಲ. ಸ್ಪ್ರಿಂಗ್ ಸಿಡಿದ ಸದ್ದಿಗೆ ಅಮ್ಮ ಒದ್ದೆ ಕೈಯಲ್ಲಿ ಓಡಿಬಂದಳು. ನನ್ನ ಬಾಯಿಂದ ಬಂದ ಮೊದಲ ಮಾತು “ನಾನಲ್ಲ.” ಎರಡನೆಯದು “ಅವಳೇ ಬಿಚ್ಚಿದಳು.” ಸ್ಕ್ರೂಡ್ರೈವರ್ ಇನ್ನೂ ನನ್ನ ಎಡಗೈಯಲ್ಲೇ ಇತ್ತು. ಅಮ್ಮ ಅದನ್ನು ನೋಡಿದಳು. ನನ್ನ ಬೆರಳು ಬಿಡಿಸಿ ತೆಗೆದುಕೊಂಡಳು. ನಿನ್ನನ್ನು ಎತ್ತಿಕೊಳ್ಳುವ ಮುಂಚೆ ಅದನ್ನು ನಿನ್ನ ಪಕ್ಕದಲ್ಲಿ ಇಟ್ಟಳು. “ನೀನು ನನ್ನ ಜೊತೆ ಹಿತ್ತಿಲಲ್ಲಿದ್ದೆ. ಗೊತ್ತಾಯ್ತಾ?” ಎಂದಳು.

ಆಮೇಲೆ ಪುಸ್ತಕ. ಸಾಹಸದ ಕಥೆ ಎಂದು ಲೈಬ್ರರಿಯಿಂದ ತಂದೆ, ಹೆಸರೂ ನಿನಗೆ ಹೇಳಿಬಿಟ್ಟಿದ್ದೆ. ನೀನು ಮಲಗಿದ್ದಾಗ ವರಾಂಡಾದ ಬೆಂಚಿನ ಮೇಲೆ ಮೊದಲು ನಾನೇ ಓದಿ ನೋಡಿದೆ. ಹನ್ನೊಂದನೆಯ ಅಧ್ಯಾಯಕ್ಕೆ ಬಂದಾಗ ಯಾರೋ ನನ್ನನ್ನು ನೋಡಿಕೊಂಡೇ ಬರೆದಂತಿತ್ತು. ಬೇರೆ ಪುಸ್ತಕ ತರೋಣವೆಂದರೆ ನೀನು ಅದೇ ಬೇಕು ಎಂದು ಹಟ ಹಿಡಿದೆ. ಅದನ್ನು ನಿನ್ನ ಎದುರು ಓದಲು ನನ್ನಿಂದ ಆಗುತ್ತಿರಲಿಲ್ಲ. ವಾರ್ಡಿನಲ್ಲಿ ನೆಲ ಒರೆಸುವ ಒಬ್ಬ ಅಜ್ಜಿ ಇದ್ದಳು, ಡಾಕ್ಟರಿಗೂ ಹೆದರದೆ ಎಲ್ಲರನ್ನೂ ಬಯ್ಯುತ್ತಿದ್ದಳು. ಅವಳನ್ನೇ ಅಣ್ಣನ ಜಾಗಕ್ಕೆ ತಂದೆ. ಅವಳು ಬೈದಾಗ ನೀನು ನಗುತ್ತಿದ್ದೆ. ನಗಬೇಡಿ, ಪಟ್ಟಿ ಸಡಿಲವಾಗುತ್ತದೆ ಎಂದು ನರ್ಸ್ ಗದರಿಸುತ್ತಿದ್ದರು.

ಅಪ್ಪನಿಗೆ ಗೊತ್ತಿತ್ತು. ನೀನು ಮನೆಗೆ ಬಂದ ವಾರ ಆ ತಟ್ಟೆಯನ್ನು ನನ್ನ ಮುಂದೆ ಹಿಡಿದು, “ಇದು ಯಾವ ಕೈ?” ಎಂದರು. “ಅವಳದು” ಎಂದೆ. ಅವರು ಹೊಡೆಯಲಿಲ್ಲ. ಗಡಿಯಾರ ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟರು. ಆಮೇಲೆ ಒಂದು ದಿನವೂ ನನ್ನನ್ನು ಬೆಂಚಿಗೆ ಕರೆಯಲಿಲ್ಲ. ಬೆಂಚಿನ ಮೇಲೆ ನನಗೆ ಅಸಡ್ಡೆ ಇರಲಿಲ್ಲ, ಮುಳ್ಳಿ. ಅದರ ಹತ್ತಿರ ಬರುವ ಮುಖ ಇರಲಿಲ್ಲ. ಹದಿನೆಂಟಕ್ಕೆ ಮನೆ ಬಿಟ್ಟೆ. ನೀನು ಎಂದಾದರೂ ಕೇಳುತ್ತೀಯ ಎಂದು ಹೆದರಿಕೊಂಡೇ ದೂರ ಇದ್ದೆ.

ಹಾಳೆ ಹರಿದಿತ್ತು ಎಂದದ್ದೂ ಸುಳ್ಳು. ಒಂದು ಹಾಳೆಯೂ ಹರಿದಿರಲಿಲ್ಲ.

ಅಣ್ಣ


ನವೆಂಬರ್ 2

ಅಣ್ಣ,

ನಿನ್ನ ಪತ್ರ ಬಂದು ಎರಡು ತಿಂಗಳಾಗುತ್ತ ಬಂತು. ಅಂಗಡಿಯಲ್ಲಿ ಮೂರು ಗಡಿಯಾರ ತಪ್ಪು ಜೋಡಿಸಿದೆ. ಅಮ್ಮನ ಜೊತೆ ಬೇಕಾದಷ್ಟೇ ಮಾತು. ಅವಳು ಏನೋ ವಾಸನೆ ಹಿಡಿದಿದ್ದಾಳೆ, ಪೋಸ್ಟ್‌ಮ್ಯಾನ್ ಬಂದರೆ ನನಗಿಂತ ಮುಂಚೆ ಬಾಗಿಲಿಗೆ ಹೋಗುತ್ತಾಳೆ. ಅದಕ್ಕೇ ನಿನ್ನ ಪತ್ರವನ್ನು ಡ್ರಾಯರಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ನನ್ನ ಮನೆಯಲ್ಲಿ ನಾನೇ ಕಳ್ಳಿಯಂತೆ ಓಡಾಡುತ್ತಿದ್ದೇನೆ.

ಕಣ್ಣಿನ ಬಗ್ಗೆ ಹೇಳುತ್ತೇನೆ. ಅದಕ್ಕಾಗಿ ನಿನ್ನ ಮೇಲೆ ಸಿಟ್ಟಿಲ್ಲ. ಹದಿನೈದರ ಹುಡುಗ, ಅವಸರ, ಸ್ಪ್ರಿಂಗ್ ಸಿಡಿಯಿತು. ಹೆಸರಾಂತ ರಿಪೇರಿಯವರಿಗೂ ಆಗಿದೆ.

ಸಿಟ್ಟು ಬೇರೆಯದಕ್ಕೆ. ‘ಚೇಷ್ಟೆ ಮಾಡಿ ಕಣ್ಣು ಕಳಕೊಂಡವಳು’ ಎಂದು ಊರೆಲ್ಲ ಕರೆಯಿತು. ನಾನೂ ನನ್ನನ್ನು ಹಾಗೇ ಕರೆದುಕೊಂಡೆ. ಮಗಳು ಏನಾದರೂ ಮುಟ್ಟಲು ಹೋದರೆ “ನನ್ನ ಹಾಗೆ ಆಗ್ತೀಯ” ಎಂದು ಕೈ ಮೇಲೆ ಹೊಡೆದಿದ್ದೇನೆ. ಗಡಿಯಾರ ಮುಟ್ಟಬೇಕಾದರೆ ಇಂದಿಗೂ ಎರಡು ಸಲ ಯೋಚಿಸುತ್ತೇನೆ, ನಾನು ಅಜಾಗರೂಕಳು ಎಂದು. ಅದು ನನ್ನ ಗುಣವೇ ಅಲ್ಲ. ನೀನು ಕೊಟ್ಟ ಗುಣ.

ಅಪ್ಪ ಹೋಗುವ ಹಿಂದಿನ ವಾರ ಅವರ ಮಂಚದ ಪಕ್ಕ ಕೂತಿದ್ದೆ. “ಅಪ್ಪಾ, ಆವತ್ತು ನಾನು ಆ ಗಡಿಯಾರ ಮುಟ್ಟಬಾರದಿತ್ತು. ನನ್ನಿಂದ ನಿಮಗೆ ಎಷ್ಟು ಕಷ್ಟ ಆಯ್ತು. ತಪ್ಪಾಯ್ತು” ಎಂದೆ. ಅಪ್ಪ “ಆ ಮಾತು ಬಿಡು” ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಕ್ಷಮಿಸದೇ ಹೋದರು ಎಂದು ಆರು ವರ್ಷ ಕೊರಗಿದ್ದೇನೆ. ಅವರಿಗೆ ಗೊತ್ತಿತ್ತು! ಗೊತ್ತಿದ್ದೂ, ನಾನು ಮಾಡದ ತಪ್ಪಿಗೆ ನನ್ನ ಕೈಲಿ ಕ್ಷಮೆ ಕೇಳಿಸಿಕೊಂಡು ಸುಮ್ಮನಿದ್ದರು. ಈಗ ಅವರ ಹತ್ತಿರ ಜಗಳ ಆಡೋಣವೆಂದರೆ ಅವರಿಲ್ಲ. ನೀನಿದ್ದೀಯ, ಅಮ್ಮ ಇದ್ದಾಳೆ.

ಪತ್ರದಲ್ಲಿ ಬರೆದದ್ದು ಸಾಲದು. ಪತ್ರ ಓದಿದ್ದು ನಾನೊಬ್ಬಳೇ. ಸುಳ್ಳು ಹೇಳಿದ್ದು ಎಲ್ಲರ ಮುಂದೆ. ಬಂದು ಅಮ್ಮನ ಎದುರು, ನನ್ನ ಮಗಳ ಎದುರು, ಬಾಯಿಬಿಟ್ಟು ಹೇಳು. ಬರದಿದ್ದರೆ ಇನ್ನು ಪತ್ರವೂ ಬೇಡ.

ತಂಗಿ


ನವೆಂಬರ್ 14

ಮುಳ್ಳಿ,

ಇಪ್ಪತ್ತನಾಲ್ಕು, ಭಾನುವಾರ. ಹತ್ತು ಗಂಟೆಯ ಬಸ್ಸಿಗೆ ಬರುತ್ತೇನೆ. ಅಮ್ಮನಿಗೆ ಮೊದಲೇ ಹೇಳಬೇಡ. ಹೇಳಿದರೆ ಅವಳು ನನ್ನನ್ನು ತಡೆಯುತ್ತಾಳೆ. ನಾನೂ ತಡೆಸಿಕೊಂಡುಬಿಡುತ್ತೇನೆ.

ಅಣ್ಣ


ಡಿಸೆಂಬರ್ 5

ಸಂಪಾದಕರಿಗೆ,

ನಮಸ್ಕಾರ. ಮುಂದೇನಾಯಿತು ಎಂದು ತಿಳಿಸಿ ಎಂದಿದ್ದಿರಿ. ಗೋದಾಮಿಗೆ ಇಳಿದು ಹುಡುಕಿದ ನಿಮಗೆ ಇಷ್ಟು ಹೇಳುವುದು ನನ್ನ ಧರ್ಮ. ಓದಿ ಹೇಳಿದವನು ನನ್ನ ಅಣ್ಣ. ನನ್ನ ಕಣ್ಣಿಗೆ ಪೆಟ್ಟು ಮಾಡಿ, ತಪ್ಪನ್ನು ನನ್ನ ಮೇಲೆ ಹಾಕಿದವನೂ ಅವನೇ. ನಿಮ್ಮ ಪುಸ್ತಕದ ಅಣ್ಣನನ್ನು ನನ್ನೆದುರು ಓದಲಾರದೆ ದೋಣಿ ಅಜ್ಜಿಯನ್ನು ಹುಟ್ಟಿಸಿದ. ಮನೆಗೆ ಬಂದು ಎಲ್ಲರ ಮುಂದೆ ಹೇಳು ಎಂದಿದ್ದೆ. ಬರುವುದಿಲ್ಲ ಎಂದೇ ನನಗೆ ಖಾತ್ರಿಯಿತ್ತು.

ಬಂದ. ತಲೆ ಪೂರ್ತಿ ನರೆತಿತ್ತು. ಅಮ್ಮ ಬಾಗಿಲಲ್ಲೇ ಅವನ ಮುಖ ನೋಡಿ ನನ್ನ ಮುಖ ನೋಡಿದಳು. “ಪ್ರಯಾಣದಲ್ಲಿ ಸುಸ್ತಾಗಿರ್ತಾನೆ, ಮೊದಲು ಊಟ ಆಗಲಿ” ಎಂದಳು.

“ಊಟ ಆಮೇಲೆ” ಎಂದೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಎಲ್ಲರೂ ಕೂತೆವು. ಅಣ್ಣ ನಿಂತೇ ಇದ್ದ. ದಾರಿಯುದ್ದಕ್ಕೂ ಉರುಹೊಡೆದುಕೊಂಡು ಬಂದವನಂತೆ ಶುರು ಮಾಡಿದ: “ಆವತ್ತು ಒಂದು ಆಕ್ಸಿಡೆಂಟ್ ಆಯ್ತು...”

“ಆಯ್ತು ಅಲ್ಲ. ಯಾರು ಮಾಡಿದ್ದು? ಅಲ್ಲಿಂದ ಹೇಳು.”

“ಗಡಿಯಾರ ಬಿಚ್ಚಿದ್ದು ನಾನು. ಇವಳು ಬರೀ ನೋಡ್ತಾ ನಿಂತಿದ್ದಳು. ಇವಳೇ ಬಿಚ್ಚಿದಳು ಅಂತ ನಾನು ಸುಳ್ಳು ಹೇಳಿದೆ.”

“ಇನ್ನೊಂದು ಸಲ.”

ಇನ್ನೊಂದು ಸಲ ಹೇಳಿದ. ಮಗಳು ಅವನನ್ನು ಬಿಟ್ಟು ಅಮ್ಮನನ್ನೇ ನೋಡುತ್ತಿದ್ದಳು. “ಅಜ್ಜಿ, ನಿಂಗೆ ಗೊತ್ತಿತ್ತಾ?” ಎಂದು ಕೇಳಿಯೇಬಿಟ್ಟಳು.

ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. “ಗೊತ್ತಿತ್ತು” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ನಿಮ್ಮಪ್ಪನ ಸಿಟ್ಟು ಎಂಥಾದ್ದು ಅಂತ ನಿಂಗೊತ್ತಿಲ್ಲ. ಇವನು ಅಂದಿದ್ದರೆ ಹೊಡೆದು ಸಾಯಿಸಿಬಿಡೋರು. ನೀನು ಅಂದರೆ ಯಾರು ಹೊಡೀತಾರೆ? ಕಣ್ಣೇ ಹೋಗಿತ್ತಲ್ಲ.”

ಒಬ್ಬ ತಾಯಿ ಇಬ್ಬರು ಮಕ್ಕಳ ನಡುವೆ ನಿಂತು ಒಂದೇ ನಿಮಿಷದಲ್ಲಿ ಹಾಕಿದ ಲೆಕ್ಕ ಅದು. ಅದರಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುತ್ತಲೇ ಇದ್ದೇನೆ. ಇದೆ, ಖಂಡಿತ ಇದೆ. ಆದರೆ ಅವಳ ಮುಖ ನೋಡುತ್ತ ಅದನ್ನು ಬೆರಳಿಟ್ಟು ತೋರಿಸಲು ನನ್ನಿಂದ ಆಗಲಿಲ್ಲ.

“ಆವತ್ತು ಸರಿ ಅಮ್ಮ. ಮರುದಿನ? ಅಪ್ಪ ಹೋದಮೇಲೆ?” ಎಂದಷ್ಟೇ ಕೇಳಿದೆ.

“ದಿನಾ ನಾಳೆ ಹೇಳೋಣ ಅಂದ್ಕೊಂಡೆ ಕಣೆ” ಎಂದಳು. ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಪಾತ್ರೆ ಸದ್ದು ಕೇಳಿಸಿತು. ಅಷ್ಟರಲ್ಲಿ ಗಿರಾಕಿಯೊಬ್ಬರು ವಾಚಿಗೆ ಬೆಲ್ಟ್ ಹಾಕಿಸಿಕೊಳ್ಳಲು ಬಂದರು. ಹಾಕಿಕೊಟ್ಟೆ.

ಇನ್ನು ನಿಮ್ಮ ಪುಸ್ತಕದ ಬಗ್ಗೆ ನನ್ನ ಅಭಿಪ್ರಾಯ. ಯಾರೂ ಕೆಡಿಸಿಲ್ಲ, ನನ್ನ ಆಪಾದನೆ ವಾಪಸ್ ತೆಗೆದುಕೊಳ್ಳುತ್ತೇನೆ. ಹನ್ನೊಂದನೆಯ ಅಧ್ಯಾಯ ನಿಜ. ಮಕ್ಕಳ ಕೈಗೆ ಕೊಡಬಹುದು, ಕೊಡಲೇಬೇಕು ಎನ್ನುವಷ್ಟು ನಿಜ. ಕೊನೆಯ ಪುಟದ ಮೇಲೆ ಮಾತ್ರ ತಕರಾರು ಉಳಿದಿದೆ. ಹುಡುಗಿ “ಯಾರದು?” ಎಂದು ಒಂದೇ ಸಲ ಕೇಳಿ ಸುಮ್ಮನಾಗುತ್ತಾಳೆ. ಲೇಖಕರು ಇದ್ದಿದ್ದರೆ ಕೇಳುತ್ತಿದ್ದೆ, ಅವಳಿಂದ ಎರಡನೇ ಸಲ ಯಾಕೆ ಕೇಳಿಸಲಿಲ್ಲ ಎಂದು. ಮಗಳು ಈ ಪ್ರಶ್ನೆಯನ್ನೇ ಬರೆದು ಮತ್ತೆ ಕೊಟ್ಟಳು. ಟೀಚರ್ ಏಳು ಅಂಕ ಕೊಟ್ಟಿದ್ದಾರೆ.

ಸಂಜೆ ಅಣ್ಣನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟುಬಂದೆ. ಬಸ್ ಹತ್ತಿ ಕಿಟಕಿಯ ಪಕ್ಕ ಕೂತು, “ಬರೋ ತಿಂಗಳೂ ಬರಲಾ?” ಎಂದು ಕೇಳಿದ. ಕ್ಷಮಿಸಿದೆಯಾ ಎಂದು ಕೇಳಲಿಲ್ಲ, ಒಳ್ಳೆಯದಾಯಿತು. ಬಾ ಎನ್ನಲು ನಾಲಿಗೆ ಏಳಲಿಲ್ಲ. ಬೇಡ ಎನ್ನಲೂ ಏಳಲಿಲ್ಲ.

“ಹತ್ತರ ಬಸ್ಸಿಗೇ ಬರಬೇಕು ಅಂತೇನಿಲ್ಲ” ಎಂದೆ. “ಎಂಟಕ್ಕೂ ಒಂದಿದೆ.”

ಇತಿ,
ಗಡಿಯಾರದ ಅಂಗಡಿಯವಳು